ಆರೋಪ ಹೊತ್ತ ಸೈನಿಕನ ರಕ್ಷಣೆ: ಜತ್ತ ತಾಲೂಕಿನ ಸೈನಿಕ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ



ಸೈನ್ಯದಲ್ಲಿರುವ ಮಗನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದಿದೆ ಎಂಬ ಸುದ್ದಿ ಉಮದಿಯ ಅಥವಾ ಸಂಖದ ಮನೆಯೊಂದಕ್ಕೆ ಬಂದಿತೆಂದರೆ, ಆ ಮನೆಗೆ ತೋಚುವ ದಾರಿಗಳು ಹೆಚ್ಚಾಗಿ ಎರಡೇ ಆಗಿರುತ್ತವೆ: ಮಾನಕ್ಕೆ ಅಂಜಿ ಸುದ್ದಿಯನ್ನು ಮುಚ್ಚಿಡುವುದು, ಇಲ್ಲವೆ ನಾಲ್ಕು ಜನ ಹಿರಿಯರನ್ನು ಮುಂದೆ ಮಾಡಿಕೊಂಡು ದೂರು ಕೊಟ್ಟವರ ಮನೆಯ ಬಾಗಿಲಿಗೆ ಹೋಗುವುದು. ಮೊದಲನೆಯದರಿಂದ ಆರೋಪಿಯು ತನ್ನ ರಕ್ಷಣೆಗೆ ಬೇಕಾದ ಅಮೂಲ್ಯ ದಿನಗಳನ್ನು ಕಳೆದುಕೊಳ್ಳುತ್ತಾನೆ, ಎರಡನೆಯದರಿಂದ ದೂರುದಾರಳಿಗೆ ಹೊಸ ಅನ್ಯಾಯವಾಗುವುದಲ್ಲದೆ ಆರೋಪಿಯ ಮೇಲೆ ಹೊಸ ಅಪರಾಧವೂ ಬಂದು ಕೂರುತ್ತದೆ. ಈ ಎರಡು ದಾರಿಗಳಾಚೆ ಕಾನೂನು ತೋರಿಸಿರುವ ಮೂರನೆಯ ದಾರಿಯೊಂದಿದೆ ಎಂಬುದನ್ನು, ಅದರ ಬಹುಪಾಲು ಮೆಟ್ಟಿಲುಗಳು ನ್ಯಾಯಾಲಯ ಕೂರುವ ಮೊದಲೇ, ಪಲ್ಟನ್ನಿನ ಒಳಗೇ ಇವೆ ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರವನ್ನು ಬರೆಯಲಾಗಿದೆ.

ಮೊದಲು ತಿಳಿಯಬೇಕಾದದ್ದು, ಇಂಥ ಆರೋಪವನ್ನು ಯಾವ ನ್ಯಾಯಾಲಯ ವಿಚಾರಿಸುತ್ತದೆ ಎಂಬುದು. ಸೈನಿಕನೂ ದೇಶದ ಸಾಮಾನ್ಯ ದಂಡ ಕಾನೂನಿಗೆ ಒಳಪಟ್ಟವನೇ ಆಗಿದ್ದು, 1950ರ ಸೇನಾ ಕಾಯ್ದೆಯ 69ನೆಯ ಕಲಮು ಅಂಥ ಅಪರಾಧಗಳನ್ನು ಕೋರ್ಟ್ ಮಾರ್ಷಲ್, ಅಂದರೆ ಸೇನಾಧಿಕಾರಿಗಳೇ ಕೂತು ನಡೆಸುವ ನ್ಯಾಯಾಲಯ, ವಿಚಾರಿಸಬಹುದೆಂದು ಹೇಳುತ್ತದೆ. ಆದರೆ ಅದರ ಮರುಕಲಮು, ಅಂದರೆ 70ನೆಯದು, ಒಂದು ಗಟ್ಟಿ ಗೆರೆಯನ್ನು ಎಳೆದಿದೆ: ಸೇನಾ ಕಾನೂನಿಗೆ ಒಳಪಡದ ನಾಗರಿಕ ವ್ಯಕ್ತಿಯ ಮೇಲೆ ನಡೆದ ಅತ್ಯಾಚಾರವನ್ನು ಕೋರ್ಟ್ ಮಾರ್ಷಲ್ ವಿಚಾರಿಸುವಂತಿಲ್ಲ, ಆರೋಪಿಯು ಆ ಹೊತ್ತಿಗೆ ಸಕ್ರಿಯ ಸೇವೆಯಲ್ಲಿ, ಇಲ್ಲವೆ ಭಾರತದ ಹೊರಗೆ, ಇಲ್ಲವೆ ಕೇಂದ್ರ ಸರಕಾರ ಗುರುತಿಸಿದ ಗಡಿ ಠಾಣೆಯಲ್ಲಿ ಇದ್ದ ಹೊರತು. ಸಕ್ರಿಯ ಸೇವೆ ಎಂದರೆ ಶತ್ರುವಿನ ಎದುರಿನ ಕಾರ್ಯಾಚರಣೆ ಮುಂತಾದ ಸ್ಥಿತಿ. ಸರಕಾರ ಅಧಿಸೂಚನೆ ಹೊರಡಿಸಿ ಕೆಲವು ಪ್ರದೇಶಗಳ ಸೇವೆಯನ್ನು ಈ ವರ್ಗಕ್ಕೆ ಸೇರಿಸಲೂ ಬಲ್ಲದು. ಸಂತ್ರಸ್ತೆಯೂ ಸೈನಿಕಳೇ ಆಗಿದ್ದಲ್ಲಿ ಈ ಗೆರೆ ಅನ್ವಯಿಸುವುದಿಲ್ಲ. ಮಿಲಿಟರಿ ಪೊಲೀಸ್ ದಳದ 83 ಮಹಿಳಾ ಸೈನಿಕರ ಮೊದಲ ತಂಡ 2021ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಹೊರಬಂದ ಮೇಲೆ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ನಾಳೆ ನಿಮ್ಮ ತಾಲೂಕಿನ ಮಗಳೇ ದೂರುದಾರಳ ಜಾಗದಲ್ಲಿ ನಿಲ್ಲಬಹುದು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರದ ಮುಂದಿನ ಮಾತುಗಳನ್ನು ಓದಬೇಕೆಂದು ವಿನಂತಿ.

ಅತ್ಯಾಚಾರಕ್ಕಿಂತ ಕೆಳಗಿನ ಲೈಂಗಿಕ ಅಪರಾಧಗಳಲ್ಲಿ ಎರಡೂ ನ್ಯಾಯಾಲಯಗಳಿಗೆ ಅಧಿಕಾರವಿರುವಾಗ, ಪ್ರಕರಣ ಎಲ್ಲಿ ನಡೆಯಬೇಕೆಂದು ಮೊದಲು ನಿರ್ಧರಿಸುವ ವಿವೇಚನೆ 125ನೆಯ ಕಲಮಿನಂತೆ ಆರ್ಮಿ, ಕೋರ್, ಡಿವಿಜನ್ ಅಥವಾ ಸ್ವತಂತ್ರ ಬ್ರಿಗೇಡಿನ ಅಧಿಪತಿಯದು. ಇದಲ್ಲದೆ ಸೇನಾ ಕಾಯ್ದೆಗೆ ತನ್ನದೇ ಆದ 46ನೆಯ ಕಲಮಿದೆ. ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕ ಬಗೆಯ ಲಜ್ಜಾಸ್ಪದ ನಡತೆಗೆ ಅದು ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ, ಅಸ್ವಾಭಾವಿಕ ಸಂಭೋಗದ ಕುರಿತಾದ 377ನೆಯ ಕಲಮಿಗೆ ಸಮನಾದದ್ದು ಇಲ್ಲದಿರುವುದರಿಂದ, ಹಿರಿಯ ಸೈನಿಕನಿಂದ ದೌರ್ಜನ್ಯಕ್ಕೆ ಒಳಗಾದ ಗಂಡು ರಿಕ್ರೂಟನಿಗೆ ಈ 46ನೆಯ ಕಲಮೇ ಈಗ ದೊಡ್ಡ ಆಸರೆಯಾಗಿದೆ. ಮನೆಯ ಹುಡುಗನೊಬ್ಬ ತರಬೇತಿ ಕೇಂದ್ರದಿಂದ ಫೋನು ಮಾಡಿ ಮಾತು ನುಂಗಿದರೆ ಅವನನ್ನು ಗದರಿಸದೆ ಕೇಳಿಸಿಕೊಳ್ಳಬೇಕೆಂಬ ಮಾತನ್ನು ಇಲ್ಲಿಯೇ ಸೇರಿಸುವುದು ಅಗತ್ಯ.

ಇನ್ನು ಮುಖ್ಯ ವಿಷಯಕ್ಕೆ ಬರುವುದಾದರೆ, ಕೋರ್ಟ್ ಮಾರ್ಷಲಿನ ಪ್ರಕರಣ ರೂಪುಗೊಳ್ಳುವುದು ಮೂರು ಪೂರ್ವಹಂತಗಳಲ್ಲಿ. ಮೊದಲನೆಯದು ಕೋರ್ಟ್ ಆಫ್ ಎನ್‌ಕ್ವಯರಿ, ಅಂದರೆ ನಡೆದದ್ದೇನೆಂದು ತಿಳಿಯಲು ಅಧಿಕಾರಿಗಳು ನಡೆಸುವ ಪ್ರಾಥಮಿಕ ವಿಚಾರಣೆ. 1954ರ ಸೇನಾ ನಿಯಮಗಳ 180ನೆಯ ನಿಯಮದ ಪ್ರಕಾರ, ಈ ವಿಚಾರಣೆ ಯಾವನ ಶೀಲಕ್ಕೆ ಅಥವಾ ಸೈನಿಕ ಗೌರವಕ್ಕೆ ಧಕ್ಕೆ ತರುವಂತಿದೆಯೋ ಅವನಿಗೆ ಆದ್ಯಂತ ಹಾಜರಿರಲು, ಹೇಳಿಕೆ ಕೊಡಲು, ತನ್ನ ವಿರುದ್ಧದ ಸಾಕ್ಷಿಗಳನ್ನು ಪಾಟೀ ಸವಾಲಿಗೆ ಒಳಪಡಿಸಲು, ತನ್ನ ಸಾಕ್ಷಿಗಳನ್ನು ಕರೆಸಲು ಪೂರ್ಣ ಅವಕಾಶ ಕೊಡಲೇಬೇಕು. ಅಲ್ಲಿ ಅವನು ಕೊಟ್ಟ ಹೇಳಿಕೆಯನ್ನು ಮುಂದಿನ ವಿಚಾರಣೆಯಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು 182ನೆಯ ನಿಯಮ ಹೇಳಿದರೂ, ಸಾಕ್ಷಿಗಳನ್ನು ಪ್ರಶ್ನಿಸುವಾಗ ಆ ಕಡತವನ್ನು ಎರಡೂ ಪಕ್ಷಗಳು ಬಳಸಬಹುದು. ಆದುದರಿಂದ ಅಂದು ಕೇಳದೆ ಬಿಟ್ಟ ಪ್ರಶ್ನೆಯ ನಷ್ಟ ಕೊನೆಯವರೆಗೂ ಉಳಿಯುತ್ತದೆ. ಎರಡನೆಯದು 22ನೆಯ ನಿಯಮದಂತೆ ಕಮಾಂಡಿಂಗ್ ಆಫೀಸರು ಆರೋಪವನ್ನು ಆರೋಪಿಯ ಎದುರಿನಲ್ಲಿಯೇ ಆಲಿಸುವುದು. ಮೂರನೆಯದು 23ನೆಯ ನಿಯಮದ ಸಮರಿ ಆಫ್ ಎವಿಡೆನ್ಸ್, ಅಂದರೆ ಸಾಕ್ಷ್ಯಗಳನ್ನು ಲಿಖಿತವಾಗಿ ದಾಖಲಿಸುವುದು.

ಈ ಮೂರನೆಯ ಹಂತದ ಮೇಲೆ ಇಡೀ ಪ್ರಕರಣ ನಿಂತಿರುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು. ಪ್ರತಿಯೊಬ್ಬ ಸಾಕ್ಷಿಯನ್ನೂ ಪ್ರಶ್ನಿಸುವ ಹಕ್ಕು ಆರೋಪಿಗೆ ಇಲ್ಲಿದೆ. ಏನನ್ನೂ ಹೇಳಬೇಕಾದ ಕಟ್ಟುಪಾಡು ಅವನಿಗಿಲ್ಲ, ಹೇಳಿದ್ದನ್ನು ಬರೆದುಕೊಂಡು ಸಾಕ್ಷ್ಯವಾಗಿ ಬಳಸಬಹುದು ಎಂಬ ಎಚ್ಚರಿಕೆಯನ್ನು ಕೊಟ್ಟ ನಂತರವೇ ಅವನ ಹೇಳಿಕೆಯನ್ನು ಕೇಳಬೇಕು. ವಕೀಲರಿಗೆ ಅಲ್ಲಿ ಸ್ಥಾನ ಕೊಡುವ ಮಾತನ್ನು ನಿಯಮ ಆಡುವುದಿಲ್ಲವಾದ್ದರಿಂದ, ಇಪ್ಪತ್ತು-ಇಪ್ಪತ್ತೆರಡು ವರ್ಷದ ಜವಾನನು ತನ್ನ ಅಧಿಕಾರಿಯ ಮುಂದೆ ಸಾವಧಾನ ಸ್ಥಿತಿಯಲ್ಲಿ ನಿಂತು, ತಾನೇ ವಕೀಲನಾಗಿ ಪ್ರಶ್ನೆ ಹಾಕಬೇಕಾದ ಪರಿಸ್ಥಿತಿ ಬರುತ್ತದೆ. ಬಹಳ ಮಂದಿ ಅಲ್ಲಿ ಪ್ರಶ್ನೆಯನ್ನೇ ಕೇಳದೆ ಸಹಿ ಹಾಕುವುದು ಹೆದರಿಕೆಯಿಂದ, ಮತ್ತು ಆ ಹಕ್ಕು ಇದೆಯೆಂದು ತಿಳಿಯದಿರುವುದರಿಂದ. ಕುಟುಂಬಕ್ಕೆ ಸುದ್ದಿ ಮುಟ್ಟಿದ ಕೂಡಲೇ ಸೇನಾ ಕಾನೂನು ಬಲ್ಲ ವಕೀಲರನ್ನು ಕಂಡು, ಅವರು ಸಿದ್ಧಪಡಿಸಿದ ಪ್ರಶ್ನೆಗಳನ್ನು ಮಗನಿಗೆ ಮುಟ್ಟಿಸುವುದು ಈ ಕಾರಣಕ್ಕಾಗಿಯೇ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಭಾಷೆಯ ತೊಡಕು ನಿಮ್ಮ ತಾಲೂಕಿನ ಮಟ್ಟಿಗೆ ವಿಶೇಷವಾದದ್ದು. ಜತ್ತದ ಪೂರ್ವಭಾಗದ ಹಳ್ಳಿಗಳ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿ, ಅನೇಕರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿಯನ್ನು ಪೇಟೆಯಲ್ಲಿಯೂ ಹಿಂದಿಯನ್ನು ಬ್ಯಾರಕ್ಕಿನಲ್ಲಿಯೂ ಕಲಿತವರು. ಪರೇಡು ಮೈದಾನಕ್ಕೆ ಸಾಕಾಗುವ ಹಿಂದಿ, ಒಪ್ಪಿಗೆ ಇತ್ತೇ ಇಲ್ಲವೇ ಎಂಬ ಸೂಕ್ಷ್ಮ ವಿಷಯದ ಪ್ರಶ್ನೋತ್ತರಕ್ಕೆ ಸಾಲುವುದಿಲ್ಲ, ಇಂಗ್ಲಿಷಿನಲ್ಲಿ ಬರೆದ ಕಡತವಂತೂ ದೂರವೇ ಉಳಿಯಿತು. ಪ್ರಮಾಣವಚನ ಪಡೆದ ದುಭಾಷಿಯನ್ನು ನೇಮಿಸಲು ಸೇನಾ ನಿಯಮಗಳಲ್ಲಿ ಅವಕಾಶವಿದೆ. ಆರೋಪಿಯು ಅದನ್ನು ಲಿಖಿತವಾಗಿ ಕೇಳಬೇಕು, ತನಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳದ ಕಾಗದಕ್ಕೆ ಸಹಿ ಹಾಕಬಾರದು. ನಾಚಿಕೆಯಿಂದ ‘ಹಿಂದಿ ಬರುತ್ತದೆ’ ಎಂದು ಒಪ್ಪಿಕೊಂಡ ಮೇಲೆ ಈ ಆಕ್ಷೇಪಣೆಗೆ ಬೆಲೆ ಉಳಿಯುವುದಿಲ್ಲ.

ಕೋರ್ಟ್ ಮಾರ್ಷಲ್‌ಗಳಲ್ಲಿ ನಾಲ್ಕು ಬಗೆಗಳಿವೆ. ಜನರಲ್ ಕೋರ್ಟ್ ಮಾರ್ಷಲಿನಲ್ಲಿ ಕನಿಷ್ಠ ಐವರು ಅಧಿಕಾರಿಗಳು ಕೂರುತ್ತಾರೆ, ಕಾನೂನಿನ ಸಲಹೆಗೆ ಜಡ್ಜ್ ಅಡ್ವೊಕೇಟ್ ಎಂಬ ಅಧಿಕಾರಿ ಇರಲೇಬೇಕು. ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲಿನಲ್ಲಿ ಕನಿಷ್ಠ ಮೂವರು, ಶಿಕ್ಷೆ ಎರಡು ವರ್ಷದ ಸೆರೆಯವರೆಗೆ. ಸಮರಿ ಜನರಲ್ ಕೋರ್ಟ್ ಮಾರ್ಷಲ್ ಸಕ್ರಿಯ ಸೇವೆಯಂಥ ಸನ್ನಿವೇಶಗಳಿಗೆ ಮೀಸಲು. ಹೆಚ್ಚು ವಿವರಿಸಬೇಕಾದದ್ದು ನಾಲ್ಕನೆಯದಾದ ಸಮರಿ ಕೋರ್ಟ್ ಮಾರ್ಷಲನ್ನು. ಅಲ್ಲಿ ಕಮಾಂಡಿಂಗ್ ಆಫೀಸರೊಬ್ಬರೇ ನ್ಯಾಯಾಲಯ; ಜೊತೆಗಿರುವ ಇಬ್ಬರಿಗೆ ಮತವಿಲ್ಲ. ವಕೀಲರ ವಾದವಿಲ್ಲ, ಆರೋಪಿಯ ಸ್ನೇಹಿತನೊಬ್ಬ ಸಲಹೆ ಹೇಳಬಹುದು ಅಷ್ಟೆ, ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ. ಆದರೂ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯ ಅಧಿಕಾರಿ ಒಂದು ವರ್ಷದವರೆಗೆ ಸೆರೆಯನ್ನೂ ವಜಾವನ್ನೂ ವಿಧಿಸಬಲ್ಲರು, ಮತ್ತು ಆ ಶಿಕ್ಷೆಗೆ ಮೇಲಿನವರ ದೃಢೀಕರಣ ಬೇಕಿಲ್ಲ.

ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆ, ತಪ್ಪೊಪ್ಪಿಕೊಂಡುಬಿಡು ಎಂಬ ಸಲಹೆ ಆರೋಪಿಯ ಕಿವಿಗೆ ಬೀಳುವುದು ಹೆಚ್ಚಾಗಿ ಇಂಥಲ್ಲಿಯೇ, ಕೆಲವೊಮ್ಮೆ ಒಳ್ಳೆಯ ಮನಸ್ಸಿನ ಸಹೋದ್ಯೋಗಿಗಳಿಂದಲೇ. ತಪ್ಪು ಮಾಡಿದವನು ಒಪ್ಪಿಕೊಳ್ಳುವುದು ಅವನ ಆತ್ಮಸಾಕ್ಷಿಗೆ ಸೇರಿದ್ದು, ಅದನ್ನು ತಡೆಯುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಮಾಡದ ಕೃತ್ಯವನ್ನು ಬೇಗ ಮುಗಿಯಲೆಂದು ಒಪ್ಪಿಕೊಂಡವನಿಗೆ ವಜಾ ಎಂದರೆ ಸಾಮಾನ್ಯವಾಗಿ ಪಿಂಚಣಿಯೂ ಹೋಯಿತು ಎಂದೇ ಅರ್ಥ, ಮತ್ತು ಲೈಂಗಿಕ ಅಪರಾಧಿ ಎಂಬ ದಾಖಲೆ ಅವನ ಇಡೀ ಆಯುಷ್ಯವನ್ನು ಹಿಂಬಾಲಿಸುತ್ತದೆ. ಆರೋಪದ ಸ್ವರೂಪವನ್ನೂ ತಪ್ಪೊಪ್ಪಿಗೆಯ ಪರಿಣಾಮವನ್ನೂ ಆರೋಪಿಗೆ ವಿವರಿಸಬೇಕು, ಅವನು ನಿರಪರಾಧಿಯೆಂದು ವಾದಿಸಬೇಕಾದವನಂತೆ ಕಂಡರೆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲು ಸೂಚಿಸಬೇಕು ಎಂದು 115ನೆಯ ನಿಯಮ ವಿಚಾರಿಸುವ ಕಮಾಂಡಿಂಗ್ ಆಫೀಸರ ಮೇಲೆಯೇ ಹೊಣೆ ಹೊರಿಸಿದೆ.

ಸರ್ವೋಚ್ಚ ನ್ಯಾಯಾಲಯವೂ ಈ ಕಿರು ವಿಚಾರಣೆಯನ್ನು ಎಚ್ಚರದ ಕಣ್ಣಿನಿಂದಲೇ ನೋಡಿದೆ. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ, ಯಾರ ವಿರುದ್ಧ ಸೈನಿಕನು ದೂರು ಬರೆದಿದ್ದನೋ ಆ ಅಧಿಕಾರಿಯೇ ವಿಚಾರಣಾ ಪೀಠದಲ್ಲಿದ್ದುದು, ಪೀಠದ ಬಗ್ಗೆ ಆಕ್ಷೇಪಣೆ ಇದೆಯೇ ಎಂದು 130ನೆಯ ಕಲಮಿನಂತೆ ಆರೋಪಿಯನ್ನು ಕೇಳದೆ ಬಿಟ್ಟದ್ದು, ಮತ್ತು ಶಿಕ್ಷೆ ತಪ್ಪಿಗೆ ತಕ್ಕದ್ದಾಗಿರದೆ ಹೋದದ್ದು ಈ ಕಾರಣಗಳಿಂದ ಇಡೀ ವಿಚಾರಣೆ ರದ್ದಾಯಿತು. ವಿಶ್ವಪ್ರಿಯ ಸಿಂಗ್ ಪ್ರಕರಣದ 2016ರ ತೀರ್ಪು, ಸಮರಿ ಕೋರ್ಟ್ ಮಾರ್ಷಲ್ ಅಪವಾದವೇ ಹೊರತು ವಾಡಿಕೆಯಾಗಬಾರದು, ತುರ್ತಿನ ಕಾರಣ ಇದ್ದಾಗ ಮಾತ್ರ ಅದನ್ನು ನಡೆಸಬೇಕು ಎಂದಿತು. ಇವೆರಡೂ ಲೈಂಗಿಕ ಆರೋಪದಿಂದ ಹುಟ್ಟಿದ ತತ್ವಗಳಲ್ಲದಿದ್ದರೂ, ಲೈಂಗಿಕ ಆರೋಪ ಹೊತ್ತವನಿಗೂ ಅಷ್ಟೇ ಬಲವಾಗಿ ಅನ್ವಯಿಸುತ್ತವೆ. ಆದರೆ ಪ್ರತಿಯೊಂದು ಸಣ್ಣ ಲೋಪವೂ ಪ್ರಕರಣವನ್ನು ಕೆಡವುತ್ತದೆಂದು ನಂಬಬಾರದು. ಲೋಪದಿಂದ ಆರೋಪಿಗೆ ನಿಜವಾಗಿ ಬಾಧಕವಾಗಿದೆಯೆಂದು ತೋರಿಸಬೇಕೆಂದು ಅದೇ ನ್ಯಾಯಾಲಯ 1991ರ ಜಿ. ಎಸ್. ಸೋಧಿ ಪ್ರಕರಣದಲ್ಲಿ ಹೇಳಿದೆ.

ಜನರಲ್ ಮತ್ತು ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲುಗಳಲ್ಲಿ ಸ್ಥಿತಿ ಉತ್ತಮವಾಗಿದೆ. ಅಲ್ಲಿ 95ನೆಯ ನಿಯಮದಂತೆ ಡಿಫೆಂಡಿಂಗ್ ಆಫೀಸರು, ಅಂದರೆ ಆರೋಪಿಯ ಪರವಾಗಿ ವಾದಿಸಲು ನೇಮಕವಾದ ಅಧಿಕಾರಿ, ಇರುತ್ತಾರೆ. 96ನೆಯ ನಿಯಮದಂತೆ ನಾಗರಿಕ ವಕೀಲರನ್ನೂ ಇಟ್ಟುಕೊಳ್ಳಬಹುದು. ತನ್ನ ಸಾಕ್ಷಿಗಳೊಡನೆ, ಡಿಫೆಂಡಿಂಗ್ ಆಫೀಸರೊಡನೆ, ಕಾನೂನು ಸಲಹೆಗಾರರೊಡನೆ ಮುಕ್ತವಾಗಿ ಮಾತಾಡಲು ಬಿಡಬೇಕೆಂದು 33ನೆಯ ನಿಯಮವೂ, ಆರೋಪವನ್ನು ತಿಳಿಸಿದ ನಂತರ ವಿಚಾರಣೆಗೆ ಮುನ್ನ ಸಾಮಾನ್ಯವಾಗಿ 96 ಗಂಟೆ, ಸಕ್ರಿಯ ಸೇವೆಯಲ್ಲಿದ್ದರೆ 24 ಗಂಟೆ ಸಮಯವಿರಬೇಕೆಂದು 34ನೆಯ ನಿಯಮವೂ ಹೇಳುತ್ತವೆ. ಮತಗಳು ಸಮನಾಗಿ ಹಂಚಿಹೋದರೆ ತೀರ್ಮಾನ ಆರೋಪಿಯ ಪರವಾಗಿಯೇ ಆಗುತ್ತದೆ. ಬಂಧನದಲ್ಲಿದ್ದವನ ಆರೋಪವನ್ನು ಸಾಧ್ಯವಿದ್ದಷ್ಟೂ 48 ಗಂಟೆಯೊಳಗೆ ತನಿಖೆಗೆ ಎತ್ತಿಕೊಳ್ಳಬೇಕು. ಸಕ್ರಿಯ ಸೇವೆಯಲ್ಲಿಲ್ಲದವನನ್ನು ಎಂಟು ದಿನ ಮೀರಿ ನ್ಯಾಯಾಲಯ ಕರೆಯದೆ ಇಟ್ಟುಕೊಂಡರೆ ವಿಳಂಬದ ಕಾರಣವನ್ನು ವರದಿ ಮಾಡಬೇಕು.

ರಕ್ಷಣೆಯ ಒಳತಿರುಳೇನು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ. ಆಕೆ ಕೂಗಲಿಲ್ಲ, ಪ್ರತಿಭಟಿಸಲಿಲ್ಲ, ಮೈಮೇಲೆ ಗಾಯವಿರಲಿಲ್ಲ ಎಂಬ ವಾದಕ್ಕೆ ಇಂದಿನ ಕಾನೂನಿನಲ್ಲಿ ನೆಲೆಯಿಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ಒಪ್ಪಿಗೆಯನ್ನು ನಿಸ್ಸಂದಿಗ್ಧವಾದ, ಸ್ವಇಚ್ಛೆಯ ಸಮ್ಮತಿ ಎಂದು ಹೇಳಿ, ದೈಹಿಕವಾಗಿ ಪ್ರತಿರೋಧಿಸದಿರುವುದೊಂದೇ ಒಪ್ಪಿಗೆಯಾಗದೆಂದು ಬಿಡಿಸಿ ಬರೆದಿದೆ. ಆಕೆಯ ನಡತೆಯನ್ನು, ಹಿಂದಿನ ಸಂಬಂಧಗಳನ್ನು ಎತ್ತಿ ಒಪ್ಪಿಗೆಯನ್ನು ಸಾಧಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಸಂತ್ರಸ್ತೆಯ ಮಾತು ನಂಬಲರ್ಹವಾಗಿದ್ದರೆ ಅದೊಂದೇ ಶಿಕ್ಷೆಗೆ ಸಾಕು ಎಂದು 1996ರ ಗುರ್ಮೀತ್ ಸಿಂಗ್ ತೀರ್ಪಿನಿಂದ ಇಂದಿನವರೆಗೆ ಸರ್ವೋಚ್ಚ ನ್ಯಾಯಾಲಯ ಹೇಳುತ್ತ ಬಂದಿದೆ. ಇದಲ್ಲದೆ ಸೈನಿಕರಿಗೇ ಸಂಬಂಧಿಸಿದ ವಿಶೇಷ ಉಪಬಂಧವೊಂದಿದೆ: ತನ್ನನ್ನು ನಿಯೋಜಿಸಿದ ಪ್ರದೇಶದಲ್ಲಿ ಸಶಸ್ತ್ರ ಪಡೆಯ ಸದಸ್ಯನು ಎಸಗಿದ ಅತ್ಯಾಚಾರಕ್ಕೆ ಅದೇ ಸಂಹಿತೆಯ 64ನೆಯ ಕಲಮಿನ ಎರಡನೆಯ ಉಪಕಲಮು ಕನಿಷ್ಠ ಹತ್ತು ವರ್ಷದಿಂದ ಹಿಡಿದು ಉಳಿದ ಆಯುಷ್ಯವೆಲ್ಲದರ ಸೆರೆವಾಸದವರೆಗೆ ಶಿಕ್ಷೆಯನ್ನು ವಿಧಿಸುತ್ತದೆ, ಮತ್ತು ಸಂಭೋಗ ನಡೆದದ್ದು ಸಾಬೀತಾಗಿ ಆಕೆಯು ಒಪ್ಪಿರಲಿಲ್ಲವೆಂದು ನುಡಿದರೆ ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕಾಗುತ್ತದೆ. ಬಂದೂಕು ಹಿಡಿದು ಜನರ ನಡುವೆ ನಿಂತವನ ಮೇಲೆ ಹೆಚ್ಚಿನ ಹೊಣೆ ಹೊರಿಸಿದ ಈ ನಿಯಮ ನ್ಯಾಯವಾದದ್ದು. ಆದರೆ ಅದರ ಫಲವಾಗಿ, ನಿರಪರಾಧಿಯಾದವನು ತನ್ನ ನಿರಪರಾಧಿತ್ವದ ಪುರಾವೆಯನ್ನು ಮೊದಲ ದಿನದಿಂದಲೇ ಕೂಡಿಡಬೇಕಾಗಿದೆ.

ಹಾಗಾದರೆ ನಿಜವಾದ ರಕ್ಷಣೆ ಕಟ್ಟುವುದು ಯಾವುದರಿಂದ ಎಂದರೆ, ಬಹುಮಟ್ಟಿಗೆ ಕಾಗದಗಳಿಂದ ಮತ್ತು ಫೋನಿನಿಂದ. ಆರೋಪಿಸಿದ ಹೊತ್ತಿಗೆ ಅವನು ಎಲ್ಲಿದ್ದನೆಂದು ಹೇಳುವ ಗಾರ್ಡ್ ಡ್ಯೂಟಿಯ ರಜಿಸ್ಟರು, ಗೇಟಿನ ಒಳಹೊರಗಿನ ದಾಖಲೆ, ಔಟ್ ಪಾಸು, ಸುಟಿಯ ಚೀಟಿ, ಮೂವ್‌ಮೆಂಟ್ ಆರ್ಡರು, ರೈಲಿನ ಟಿಕೀಟು, ಸಿಸಿಟಿವಿ ದೃಶ್ಯ ಇವೆಲ್ಲ ಸಮಯ ಕಳೆದಂತೆ ಅಳಿಸಿಹೋಗುವಂಥವು, ಆದ್ದರಿಂದ ಅವನ್ನು ಕಾಪಿಡುವಂತೆ ಕೂಡಲೇ ಲಿಖಿತವಾಗಿ ಕೇಳಬೇಕು. ವಾಟ್ಸಾಪಿನ ಮಾತುಕತೆಯ ಚಿತ್ರವನ್ನು ಮುದ್ರಿಸಿ ತಂದರೆ ಸಾಲದು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಕಾನೂನು ಹೇಳಿದ ಪ್ರಮಾಣಪತ್ರ ಕಡ್ಡಾಯವೆಂದು ಮಹಾರಾಷ್ಟ್ರದಿಂದಲೇ ಹೋದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ, ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮೂ ಅದನ್ನು ಉಳಿಸಿಕೊಂಡಿದೆ. ಫೋನಿನಿಂದ ಒಂದು ಸಂದೇಶವನ್ನೂ, ತನಗೆ ಪ್ರತಿಕೂಲವಾಗಿ ಕಂಡದ್ದನ್ನೂ, ಅಳಿಸಬಾರದೆಂದು ಮಗನಿಗೆ ಹೇಳಿರಿ. ಅಳಿಸಿದ್ದು ಬಯಲಾದ ಮೇಲೆ ಅವನ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ.

ದೂರುದಾರಳ ವಿಷಯದಲ್ಲಿ ನಿಮ್ಮಲ್ಲಿ ಕೈಮುಗಿದು ಕೇಳಬೇಕಾದದ್ದಿದೆ. ಆಕೆಯ ಮನೆಗೆ ಹೋಗಬೇಡಿರಿ, ದುಡ್ಡಿನ ಮಾತು, ಮದುವೆಯ ಮಾತು, ಜಾತಿಯ ಹಿರಿಯರ ಮಾತು ಯಾವುದನ್ನೂ ಮುಟ್ಟಿಸಬೇಡಿರಿ. ಅತ್ಯಾಚಾರದಲ್ಲಿ ರಾಜಿಗೆ ಯಾವ ಸ್ಥಾನವೂ ಇಲ್ಲವೆಂದು 2015ರ ಮದನಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಖಂಡತುಂಡವಾಗಿ ಹೇಳಿದೆ. ಸುಳ್ಳು ಸಾಕ್ಷ್ಯ ನುಡಿಯುವಂತೆ ಬೆದರಿಸಿದರೆ ಏಳು ವರ್ಷದವರೆಗಿನ ಶಿಕ್ಷೆಯ ಪ್ರತ್ಯೇಕ ಅಪರಾಧವಾಗುತ್ತದೆ, ಆಕೆಯ ಹೆಸರು-ಗುರುತನ್ನು ಗುಂಪುಗಳಲ್ಲಿ ಹಂಚಿದರೆ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಎರಡು ವರ್ಷದವರೆಗೆ ಸೆರೆಯಾಗಬಹುದು. ಕಾನೂನಿನ ಹೆದರಿಕೆಯನ್ನು ಬದಿಗಿಟ್ಟು ನೋಡಿದರೂ, ಆಕೆ ಹೇಳಿದ್ದು ನಿಜವಾಗಿದ್ದರೆ ಅವಳು ಅನುಭವಿಸಿದ್ದು ಯಾವ ಹೆಣ್ಣುಮಗಳಿಗೂ ಬರಬಾರದಂಥದ್ದು. ನಿಜವೋ ಅಲ್ಲವೋ ಎಂಬುದನ್ನು ವಿಚಾರಣೆ ತೀರ್ಮಾನಿಸುವವರೆಗೆ ಅವಳ ಗೌರವವನ್ನು ಕಾಯುವುದು, ಮಗನ ಮೇಲಿನ ನಿಮ್ಮ ವಿಶ್ವಾಸಕ್ಕೆ ಯಾವ ಕುಂದನ್ನೂ ತರುವುದಿಲ್ಲ.

ಸೇನೆಯೇ ತನ್ನವರನ್ನು ತಾನೇ ವಿಚಾರಿಸುವ ಈ ಪದ್ಧತಿಯ ಬಗ್ಗೆ ಎರಡು ಕಡೆಯಿಂದಲೂ ಸಂಶಯಗಳಿವೆ. ಸಂತ್ರಸ್ತೆಯರ ಕಡೆಯಿಂದ ನೋಡಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು 2013ರ ಜನವರಿಯಲ್ಲಿ, ಮಹಿಳೆಯರ ಮೇಲೆ ಸೈನಿಕರು ಎಸಗುವ ಲೈಂಗಿಕ ಅಪರಾಧಗಳನ್ನು ಸಾಮಾನ್ಯ ದಂಡ ಕಾನೂನಿನ ಅಡಿಗೆ ತರಬೇಕೆಂದು ಶಿಫಾರಸು ಮಾಡಿತು. ಆರೋಪಿಗಳ ಕಡೆಯಿಂದ ನೋಡಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 1997ರಲ್ಲಿ, ಫಿಂಡ್ಲೆ ಎಂಬ ಬ್ರಿಟಿಷ್ ಸೈನಿಕನ ಪ್ರಕರಣದಲ್ಲಿ, ವಿಚಾರಣೆ ಏರ್ಪಡಿಸಿ ಪೀಠದ ಸದಸ್ಯರನ್ನು ನೇಮಿಸಿ ತೀರ್ಪನ್ನೂ ದೃಢೀಕರಿಸುವ ಕೆಲಸವೆಲ್ಲ ಒಬ್ಬನೇ ಮೇಲಧಿಕಾರಿಯ ಕೈಯಲ್ಲಿದ್ದುದರಿಂದ ಆ ನ್ಯಾಯಾಲಯ ಸ್ವತಂತ್ರವಾಗಿರಲಿಲ್ಲವೆಂದು ತೀರ್ಪಿತ್ತಿತು. ಅಮೆರಿಕದಲ್ಲಿ 2023ರ ಡಿಸೆಂಬರ್ ಕೊನೆಯಿಂದ ಲೈಂಗಿಕ ದೌರ್ಜನ್ಯದಂಥ ಅಪರಾಧಗಳಲ್ಲಿ ಮೊಕದ್ದಮೆ ಹೂಡುವ ನಿರ್ಧಾರವನ್ನು ಕಮಾಂಡರುಗಳಿಂದ ತೆಗೆದು ವಿಶೇಷ ಅಭಿಯೋಜಕರಿಗೆ ಕೊಡಲಾಗಿದೆ. ಭಾರತದಲ್ಲಿ ಆ ನಿರ್ಧಾರ ಇಂದಿಗೂ ಕಮಾಂಡರುಗಳದೇ. ಬದಲಾವಣೆ ಬರಬೇಕೆಂಬುದು ಈ ಪತ್ರದ ನಿಲುವೂ ಹೌದು, ಏಕೆಂದರೆ ಸ್ವತಂತ್ರ ವಿಚಾರಣೆಯಿಂದ ದೂರುದಾರಳಿಗೂ ಆರೋಪಿಗೂ ಒಟ್ಟಿಗೇ ಲಾಭವಾಗುತ್ತದೆ. ಆದರೆ ಅದು ಬರುವವರೆಗೆ ಕಾಯಲು ಇಂದು ಬಂಧನದಲ್ಲಿರುವವನಿಗೆ ಸಾಧ್ಯವಿಲ್ಲ.

ತೀರ್ಪು ಬಂದ ಮೇಲೂ ಬಾಗಿಲುಗಳು ಮುಚ್ಚುವುದಿಲ್ಲ. ಸಮರಿ ಕೋರ್ಟ್ ಮಾರ್ಷಲ್ ಹೊರತುಪಡಿಸಿ ಉಳಿದವುಗಳ ತೀರ್ಪು ದೃಢೀಕರಣವಾಗುವವರೆಗೆ ಊರ್ಜಿತವಲ್ಲ. ದೃಢೀಕರಣಕ್ಕೆ ಮುಂಚೆಯೂ ಅನಂತರವೂ ಸೇನಾ ಕಾಯ್ದೆಯ 164ನೆಯ ಕಲಮಿನಂತೆ ಮನವಿ ಸಲ್ಲಿಸಬಹುದು. 2007ರ ಕಾಯ್ದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಕೋರ್ಟ್ ಮಾರ್ಷಲಿನ ಮೇಲ್ಮನವಿ ಹೋಗುತ್ತದೆ, ಮಹಾರಾಷ್ಟ್ರಕ್ಕೆ ಅದರ ಪೀಠ ಮುಂಬೈಯಲ್ಲಿದೆ. ಸಮರಿ ಕೋರ್ಟ್ ಮಾರ್ಷಲಿನಲ್ಲಿಯೂ ವಜಾ ಅಥವಾ ಮೂರು ತಿಂಗಳು ಮೀರಿದ ಸೆರೆ ಆಗಿದ್ದರೆ ಆ ಮಂಡಳಿಯ ಬಾಗಿಲು ತಟ್ಟಬಹುದು. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನ ರಿಟ್ ಅಧಿಕಾರದಲ್ಲಿ ಪರಿಶೀಲಿಸಬಹುದೆಂದು 2023ರಲ್ಲಿ ಪರಶೋತ್ತಮ್ ದಾಸ್ ಪ್ರಕರಣ ಸ್ಪಷ್ಟಪಡಿಸಿದೆ.

ಕಡೆಯದಾಗಿ ಮಾಜಿ ಸೈನಿಕರಲ್ಲಿ ಮತ್ತು ಜತ್ತ, ಸಾಂಗ್ಲಿ ನ್ಯಾಯಾಲಯಗಳ ವಕೀಲರಲ್ಲಿ ಕೆಲವು ಬೇಡಿಕೆಗಳು. ಸುಬೇದಾರರಾಗಿ, ಹವಾಲ್ದಾರರಾಗಿ ಈ ವಿಚಾರಣೆಗಳನ್ನು ಹತ್ತಿರದಿಂದ ಕಂಡಿರುವ ನೀವು, 22, 23, 33, 95, 96, 115 ಮತ್ತು 180ನೆಯ ನಿಯಮಗಳ ಸಾರವನ್ನು ಸರಳ ಕನ್ನಡದಲ್ಲಿ ಎರಡು ಪುಟದಲ್ಲಿ ಬರೆಸಿ, ಭರ್ತಿಯಾಗಿ ಹೊರಡುವ ಪ್ರತಿ ಹುಡುಗನ ಕೈಗೂ ಹುಡುಗಿಯ ಕೈಗೂ ಕೊಡಿರಿ. ಒಪ್ಪಿಗೆ ಎಂದರೇನು ಎಂಬುದೂ ಅದೇ ಪುಟದಲ್ಲಿರಲಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2025ರ ಜುಲೈನಲ್ಲಿ ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆಯಂತೆ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವಿನ ಕೇಂದ್ರಗಳು ತೆರೆಯಬೇಕಾಗಿದ್ದು, ಸಾಂಗ್ಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಾರ್ಯಾಲಯದಲ್ಲಿ ಕನ್ನಡ ಬಲ್ಲ ವಕೀಲರೊಬ್ಬರು ನಿಗದಿತ ದಿನಗಳಲ್ಲಿ ಸಿಗುವಂತೆ ಒತ್ತಾಯಿಸಿ ಅರ್ಜಿ ಕೊಡಿರಿ. ದೂರುದಾರಳಿಗೂ ಅದೇ ಕಾನೂನು ನೆರವು ಸಲ್ಲುತ್ತದೆಂಬುದನ್ನು ಮರೆಯದಿರಿ; 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಉಚಿತ ವಕೀಲರನ್ನು ಕೊಡುತ್ತದೆ. ವಕೀಲ ಮಿತ್ರರು ಸೇನಾ ಕಾಯ್ದೆಯ ಒಂದು ಪ್ರತಿಯನ್ನು ತಮ್ಮ ಬಾರ್ ಅಸೋಸಿಯೇಷನ್ನಿನ ಗ್ರಂಥಾಲಯದಲ್ಲಿ ಇರಿಸಿ, ಕನಿಷ್ಠ ಇಬ್ಬರು ಕಿರಿಯರಾದರೂ ಅದನ್ನು ಅಭ್ಯಾಸ ಮಾಡುವಂತೆ ನೋಡಿಕೊಳ್ಳಬೇಕೆಂದು ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,
ಸೇನಾ ಕಾನೂನಿನ ಓರ್ವ ಅಭ್ಯಾಸಿ
ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ